ಹಾಕಿ ಆಡೋ ಹುಡುಗ ಒಂಬತ್ತನೇ ಕ್ಲಾಸಿಗೆ ಯಾವ ಸ್ಕೂಲು?

ಪ್ರತಿ ಮಾರ್ಚಲ್ಲಿ ಹೈಸ್ಕೂಲ್ ಹಾಕಿಯ ಸ್ಟೇಟ್ ಟೂರ್ನಮೆಂಟ್ ಮುಗೀತಿದ್ದಂಗೆ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ಒಂದೇ ಜಗಳ ಶುರುವಾಗತ್ತೆ. ಪ್ರೈವೇಟ್ ಸ್ಕೂಲಿನವರು ಒಳ್ಳೊಳ್ಳೆ ಐಸ್ ಹಾಕಿ ಹುಡುಗರನ್ನೆಲ್ಲ ಸೆಳ್ಕೊಂಡು ಬಿಡ್ತಾರೆ, ಅವರಿಗೆ ಬೇರೆ ಟೂರ್ನಮೆಂಟ್ ಮಾಡಿ ಅಂತ. ನಾನು ಟ್ವಿನ್ ಸಿಟೀಸ್, ಅಂದ್ರೆ ಮಿನಿಯಾಪೊಲಿಸ್-ಸೇಂಟ್ ಪಾಲ್ ಹತ್ರ ಒಂದು ಪಬ್ಲಿಕ್ ಹೈಸ್ಕೂಲಲ್ಲಿ, ಅಂದ್ರೆ ಸರ್ಕಾರಿ ಸ್ಕೂಲಲ್ಲಿ, ಕೌನ್ಸೆಲರ್ ಆಗಿದೀನಿ, ಟ್ರಾನ್ಸ್‌ಫರ್ ಕಾಗದ ಎಲ್ಲ ನಮ್ಮ ಆಫೀಸಿಂದಾನೇ ಹೋಗೋದು. ಈಗ ನಮ್ಮ ಕನ್ನಡದ ಮನೆ ಮಕ್ಕಳೂ ಸ್ಕೇಟ್ ಕಟ್ಕೊಂಡು ಇಳ್ದಿದಾರೆ, ಅಪ್ಪ ಅಮ್ಮ ಫೋನ್ ಮಾಡಿ ಕೇಳ್ತಾರೆ, ಅದಕ್ಕೇ ಒಂದ್ಸಲ ಬಿಡಿಸಿ ಬರೀತೀನಿ.

ಮೊದಲು ಇಲ್ಲಿನ ವ್ಯವಸ್ಥೆ ಗೊತ್ತಿರ್ಬೇಕು. ಅಮೆರಿಕದ ಬೇರೆ ಎಷ್ಟೋ ಕಡೆ ಗಟ್ಟಿ ಹುಡುಗರು ದುಡ್ಡು ಕೊಟ್ಟು ಕ್ಲಬ್ ಟೀಮಿಗೆ ಹೋಗ್ತಾರೆ, ಮಿನೆಸೋಟದಲ್ಲಿ ಹಾಗಲ್ಲ, ಊರಿಗೊಂದು ಹಾಕಿ ಅಸೋಸಿಯೇಷನ್ ಇರತ್ತೆ, ನೀವು ಎಲ್ಲಿ ವಾಸ ಇದೀರೋ ಅಲ್ಲೇ ಮಗು ಮೈಟ್, ಸ್ಕ್ವರ್ಟ್, ಪೀವೀ, ಬ್ಯಾಂಟಮ್ ಅಂತ ವಯಸ್ಸಿಗೆ ತಕ್ಕ ಹಂತಗಳಲ್ಲಿ ಮೇಲೆ ಮೇಲೆ ಆಡ್ಕೊಂಡು ಬಂದು ಕೊನೆಗೆ ಅದೇ ಊರಿನ ಹೈಸ್ಕೂಲ್ ಜರ್ಸಿ ಹಾಕತ್ತೆ. ಕೊಡವ ಕುಟುಂಬ ಹಾಕಿಲಿ ಒಕ್ಕದ ಹೆಸರಲ್ಲಿ ಟೀಮ್ ಇಳಿಯೋ ಹಾಗೆ ಇಲ್ಲಿ ಊರಿನ ಹೆಸರಲ್ಲಿ ಇಳಿಯತ್ತೆ, ಅದಕ್ಕೇ ಜನಕ್ಕೆ ಅಷ್ಟು ರೋಷ. ಕೆನಡಾ ಗಡಿ ಹತ್ರ ರೋಸೋ ಅಂತ ಊರಿದೆ, ಜನಸಂಖ್ಯೆ 3,000 ಕೂಡ ಇಲ್ಲ, ಅದು 2007ರಲ್ಲಿ ದೊಡ್ಡ ಸ್ಕೂಲ್‌ಗಳ ವಿಭಾಗ ಡಬಲ್ ಎ ಗೆದ್ದಿದೆ. ಅಂಥ ಕಥೆ ಕೇಳ್ಕೊಂಡು ಬೆಳೆದೋರಿಗೆ ನಾಲ್ಕೈದು ಊರಿನ ಮಕ್ಕಳನ್ನ ಸೇರ್ಸಿ ಕಟ್ಟಿದ ಟೀಮು ಮೋಸ ಅನ್ಸೋದು ಸಹಜ.

ಪ್ರೈವೇಟ್ ಸ್ಕೂಲಿಗೆ ಊರಿನ ಗಡಿ ಇಲ್ಲ, ಇಡೀ ವಿಷಯದ ಬೇರು ಇದೇ. ಒಂದೊಂದು ಕ್ಯಾಥೊಲಿಕ್ ಸ್ಕೂಲಿಗೆ ಸುತ್ತಮುತ್ತ ಎಷ್ಟೋ ಅಸೋಸಿಯೇಷನ್‌ಗಳಿಂದ ಬ್ಯಾಂಟಮ್ ಹುಡುಗರು ಬರ್ತಾರೆ, ಅವರನ್ನ ಐದನೇ ವಯಸ್ಸಿಂದ ಬೆಳ್ಗೆ ಆರಕ್ಕೆ ರಿಂಕಿಗೆ ಎಬ್ಬಿಸ್ಕೊಂಡು ಹೋಗಿ ಕಲಿಸಿದ್ದು ಆ ಊರಿನ ವಾಲಂಟಿಯರ್ ಅಪ್ಪಂದಿರು. ಮೊದಲೆಲ್ಲ ಪ್ರೈವೇಟಿನವರದ್ದು ಬೇರೇನೇ ಟೂರ್ನಮೆಂಟ್ ಇತ್ತು, 1970ರ ದಶಕದ ಮಧ್ಯದಲ್ಲಿ ಎಲ್ಲರೂ ರಾಜ್ಯದ ಹೈಸ್ಕೂಲ್ ಆಟ ನಡೆಸೋ ಒಂದೇ ಲೀಗಿಗೆ ಬಂದ್ರು, ಜಗಳಕ್ಕೂ ಅಷ್ಟೇ ವಯಸ್ಸು.

ಜಾಸ್ತಿ ಕಾವೇರಿದ್ದು ಹರ್ಮನ್‌ಟೌನ್ ವಿಷಯದಲ್ಲಿ. ಡುಲುತ್ ಪಕ್ಕದ ಊರು, ಪಬ್ಲಿಕ್ ಸ್ಕೂಲು, 2010ರಿಂದ 2015ರವರೆಗೆ ಸತತ ಆರು ವರ್ಷ ಚಿಕ್ಕ ಸ್ಕೂಲ್‌ಗಳ ವಿಭಾಗ ಕ್ಲಾಸ್ ಎ ಫೈನಲ್ಲಿಗೆ ಬಂದು ಆರೂ ಸಲ ಸೋತ್ರು. ಅದ್ರಲ್ಲಿ ಮೊದಲ ನಾಲ್ಕು ಪ್ರೈವೇಟ್ ಸ್ಕೂಲ್‌ಗಳ ಮೇಲೆ, 2010ರಲ್ಲಿ ಬ್ರೆಕ್, ಆಮೇಲೆ ಮೂರು ವರ್ಷ ಸೇಂಟ್ ಥಾಮಸ್ ಅಕಾಡೆಮಿ. 2013ರದ್ದಂತೂ ಕೊನೇ ಸೆಕೆಂಡುಗಳಲ್ಲಿ ಬಿದ್ದ ಗೋಲಲ್ಲಿ ಹೋಯ್ತು. ಅವರ ಕೋಚ್ ಬ್ರೂಸ್ ಪ್ಲಾಂಟ್ ಬಹಿರಂಗವಾಗೇ ಸಿಟ್ಟು ತೋರಿಸಿದ್ರು, ಅದಾದ್ಮೇಲಿನ ಸೀಸನ್ನಿಂದ ಸೇಂಟ್ ಥಾಮಸ್ ಡಬಲ್ ಎಗೆ ಹೋಯ್ತು. ಸರಿ, ಮುಂದಿನ ಎರಡು ಫೈನಲ್ ಹರ್ಮನ್‌ಟೌನ್ ಸೋತಿದ್ದು ಯಾರ ಮೇಲೆ? ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್, ಅದೂ ಪಬ್ಲಿಕ್ ಸ್ಕೂಲೇ.

ಈಗ ಡಬಲ್ ಎ ಪಟ್ಟಿ ನೋಡಿ. 2008ರಿಂದ 2024ರವರೆಗೆ ಹದಿನೇಳು ಚಾಂಪಿಯನ್‌ಶಿಪ್ಪಲ್ಲಿ ಪ್ರೈವೇಟಿಗೆ ಸಿಕ್ಕಿದ್ದು ಮೂರು, ಹಿಲ್-ಮರ್ರಿಗೆ 2008 ಮತ್ತು 2020, ಬೆನಿಲ್ಡ್-ಸೇಂಟ್ ಮಾರ್ಗರೆಟ್ಸಿಗೆ 2012. ಇಡೈನಾ ಒಂದೇ ಐದು ಗೆದ್ದಿದೆ, ಈಡನ್ ಪ್ರೇರಿ ಮೂರು, ಮಿನೆಟೊಂಕ ಎರಡು. ಇವೆಲ್ಲ ಪಬ್ಲಿಕ್, ಆದ್ರೆ ಅಲ್ಲಿ ಮನೆ ತಗೊಳಕ್ಕೆ ಎಷ್ಟಾಗತ್ತೆ ಅಂತ ನಮ್ಮವರಿಗೆ ನಾನು ಹೇಳ್ಬೇಕಿಲ್ಲ. ಇನ್ನೊಂದು, ಓಪನ್ ಎನ್ರೋಲ್‌ಮೆಂಟ್ ಕಾನೂನನ್ನ ದೇಶದಲ್ಲೇ ಮೊದಲು ತಂದಿದ್ದು ಮಿನೆಸೋಟ, 1988ರಲ್ಲಿ, ಸೀಟಿದ್ರೆ ಪಕ್ಕದ ಡಿಸ್ಟ್ರಿಕ್ಟ್ ಮಗೂನೂ ಪಬ್ಲಿಕ್ ಸ್ಕೂಲಿಗೆ ಬರ್ಬಹುದು. ಅಂದ್ರೆ ಪಬ್ಲಿಕ್ಕಿಗೆ ಗಡಿ ಇದೆ ಅನ್ನೋ ಮಾತೇ ಈಗ ಅರ್ಧ ನಿಜ. ಆದ್ರಿಂದ ನನ್ನ ಪ್ರಕಾರ ಗೆರೆ ಎಳೀಬೇಕಾಗಿದ್ದು ಪ್ರೈವೇಟ್ ಪಬ್ಲಿಕ್ ಮಧ್ಯ ಅಲ್ಲ, ಐಸ್ ಟೈಮ್, ಅಂದ್ರೆ ರಿಂಕಲ್ಲಿ ಆಡೋ ಸಮಯ, ದುಡ್ಡು ಕೊಟ್ಟು ಕೊಂಡ್ಕೊಳ್ಳೋಕಾಗೋ ಏರಿಯಾ ಮತ್ತೆ ಆಗದೇ ಇರೋ ಏರಿಯಾ ಮಧ್ಯ. ಸೇಂಟ್ ಪಾಲ್ ಪೂರ್ವ ಭಾಗದ ಜಾನ್ಸನ್ ಹೈಸ್ಕೂಲು ಒಂದು ಕಾಲದಲ್ಲಿ ನಾಲ್ಕು ಸಲ ರಾಜ್ಯ ಗೆದ್ದಿತ್ತು, 1980ರ ಒಲಿಂಪಿಕ್ ಚಿನ್ನದ ಕೋಚ್ ಹರ್ಬ್ ಬ್ರೂಕ್ಸ್ ಅಲ್ಲಿನ 1955ರ ಟೀಮಿನ ಹುಡುಗ. ಮಿನಿಯಾಪೊಲಿಸ್ ನಗರದ ಸ್ಕೂಲ್‌ಗಳೆಲ್ಲ ಸೇರಿ ಒಂದೇ ಟೀಮ್ ಆಗಿ 2022ರಲ್ಲಿ ಸ್ಟೇಟಿಗೆ ಹೋದಾಗ, ಆ ನಗರದ ಟೀಮ್ ಅಲ್ಲಿಗೆ ಹೋಗಿ 28 ವರ್ಷ ಆಗಿತ್ತು.

ರಿಕ್ರೂಟಿಂಗ್ ನಿಷಿದ್ಧ ಅಲ್ವಾ ಅಂತ ಕೇಳ್ತೀರ. ಹೌದು, ರೂಲ್ ಪ್ರಕಾರ ಆಟಕ್ಕೋಸ್ಕರ ಹುಡುಗನನ್ನ ಸೆಳೆಯೋ ಹಾಗಿಲ್ಲ, ಆಟಕ್ಕೆ ಸ್ಕಾಲರ್‌ಶಿಪ್ ಕೊಡೋ ಹಾಗಿಲ್ಲ, ಮನೆ ಆದಾಯ ನೋಡಿ ಫೀಸ್ ಕಮ್ಮಿ ಮಾಡ್ಬಹುದು ಅಷ್ಟೇ. ಆದ್ರೆ ನಾನು ಕಂಡಂಗೆ ಕೋಚ್ ಫೋನ್ ಮಾಡಿ ಕರಿಯೋದು ಬಹಳ ಅಪರೂಪ, ಅದು ಬೇಕಾಗೋದೂ ಇಲ್ಲ. ಬೇಸಿಗೆ ಟೀಮಲ್ಲಿ ಬೇರೆ ಬೇರೆ ಊರಿನ ಹುಡುಗರು ಒಟ್ಟಿಗೆ ಆಡ್ತಾರೆ, ಗ್ಯಾಲರಿಲಿ ಕಾಫಿ ಹಿಡ್ಕೊಂಡು ಕೂತ ಅಪ್ಪಂದಿರು ನಮ್ಮೋನು ಅಲ್ಲಿಗೆ ಹೋಗ್ತಾನೆ, ನಿಮ್ಮೋನೂ ಬಂದ್ರೆ ಒಂದೇ ಲೈನಲ್ಲಿ ಆಡ್ಬಹುದು ಅಂತಾರೆ, ಮುಗೀತು. ಅದನ್ನ ಯಾವ ರೂಲಲ್ಲಿ ಹಿಡೀತೀರ? ನನ್ನ ಟೇಬಲ್ಲಿಗೆ ಬರೋ ಫಾರಂನಲ್ಲಿ ಕಾರಣ ಅನ್ನೋ ಜಾಗದಲ್ಲಿ ಓದು ಅಂತ ಇರತ್ತೆ, ಎಷ್ಟೋ ಸಲ ಅದು ನಿಜಾನೇ.

ಬಾಯಿಬಿಟ್ಟು ರಿಕ್ರೂಟ್ ಮಾಡೋ ಸ್ಕೂಲೂ ಇಲ್ಲೇ ಇದೆ, ಫ್ಯಾರಿಬಾಲ್ಟ್‌ನ ಶಾಟಕ್-ಸೇಂಟ್ ಮೇರೀಸ್, ಕೆನಡಾದ ಹಾಕಿ ಸ್ಟಾರ್ ಸಿಡ್ನಿ ಕ್ರಾಸ್ಬಿ ಓದಿದ ಬೋರ್ಡಿಂಗ್ ಸ್ಕೂಲು. ಅವರ ಹಾಕಿ ಈ ಹೈಸ್ಕೂಲ್ ಟೂರ್ನಮೆಂಟಿಗೆ ಬರೋದೇ ಇಲ್ಲ, ಹಾಗಾಗಿ ಯಾರಿಗೂ ತಕರಾರಿಲ್ಲ. ಲೀಗ್ ಮಾಡ್ಬೇಕಾದ್ದೂ ಅಂಥದ್ದೇ ಒಂದು ಕೆಲಸ ಅಂತ ನನಗನ್ಸೋದು. ಪದೇ ಪದೇ ಕ್ಲಾಸ್ ಎ ಗೆಲ್ಲೋ ಸ್ಕೂಲನ್ನ, ಪ್ರೈವೇಟೋ ಪಬ್ಲಿಕ್ಕೋ ನೋಡದೆ, ಮಕ್ಕಳ ಸಂಖ್ಯೆ ಎಷ್ಟೇ ಇರ್ಲಿ ಡಬಲ್ ಎಗೆ ಏರಿಸ್ಬೇಕು. ಬೇರೆ ಟೂರ್ನಮೆಂಟ್ ಮಾಡೋದ್ರಿಂದ ಜಾನ್ಸನ್‌ನಂಥ ಸ್ಕೂಲಿಗೆ ಒಬ್ಬ ಹುಡುಗನೂ ವಾಪಸ್ ಬರಲ್ಲ.

ಇನ್ನು ಎಂಟನೇ ಕ್ಲಾಸಿನ ಮಗು ಇರೋರಿಗೆ. ಒಂಬತ್ತಕ್ಕೆ ಮೊದಲ ಸಲ ಸೇರೋವಾಗ ಯಾವ ಸ್ಕೂಲಾದ್ರೂ ಸರಿ, ಮೊದಲ ದಿನದಿಂದ್ಲೇ ವಾರ್ಸಿಟಿ, ಅಂದ್ರೆ ಸ್ಕೂಲಿನ ಮುಖ್ಯ ಟೀಮಲ್ಲಿ, ಆಡ್ಬಹುದು. ಅದಾದ್ಮೇಲೆ ಮನೆ ಬದಲಾಯಿಸದೆ ಸ್ಕೂಲ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಒಂದು ವರ್ಷ ವಾರ್ಸಿಟಿ ಇಲ್ಲ, ಜೆವಿ, ಅಂದ್ರೆ ಅದರ ಕೆಳಗಿನ ಜೂನಿಯರ್ ಟೀಮು, ಮಾತ್ರ. ಹತ್ತನೇ ಕ್ಲಾಸಲ್ಲಿ ನಮ್ಮಲ್ಲಿಗೆ ಬಂದ ಒಬ್ಬ ಹುಡುಗ ಇಡೀ ಸೀಸನ್ ವಾರ್ಸಿಟಿ ಜೊತೆ ಪ್ರಾಕ್ಟೀಸ್ ಮಾಡಿ, ಮ್ಯಾಚ್ ದಿನ ಶರ್ಟು ಟೈ ಹಾಕ್ಕೊಂಡು ಗ್ಲಾಸ್ ಹಿಂದೆ ನಿಂತಿರ್ತಿದ್ದ. ಹದಿನೈದು ವರ್ಷದ ಹುಡುಗನಿಗೆ ಅದು ಸಣ್ಣ ಶಿಕ್ಷೆ ಅಲ್ಲ.

ಮಗ ಗೋಲಿ, ಅಂದ್ರೆ ಗೋಲ್‌ಕೀಪರ್, ಆಗಿದ್ರಂತೂ ಸ್ಕೂಲ್ ನೋಡಕ್ಕೆ ಹೋದಾಗ ಈಗಿರೋ ಗೋಲಿಗಳು ಯಾವ ಕ್ಲಾಸಲ್ಲಿದಾರೆ ಅಂತ ನೇರವಾಗಿ ಕೇಳಿ, ಆಡೋದು ಒಬ್ಬನೇ. ಫೀಸ್ ಸಹಾಯ ಸಿಕ್ಕಿದ್ರೆ ಅದು ನಾಲ್ಕು ವರ್ಷಕ್ಕಾ ಅಥವಾ ಪ್ರತಿ ವರ್ಷ ಹೊಸದಾಗಿ ಅರ್ಜಿನಾ ಅಂತ ಬರವಣಿಗೇಲಿ ತಗೊಳ್ಳಿ, ಯಾಕಂದ್ರೆ ಎರಡನೇ ವರ್ಷ ಅದು ಕಮ್ಮಿಯಾಗಿ ಹುಡುಗ ಊರಿನ ಪಬ್ಲಿಕ್ ಸ್ಕೂಲಿಗೆ ವಾಪಸ್ ಬಂದ್ರೂ ಅದು ಟ್ರಾನ್ಸ್‌ಫರ್ರೇ, ಮತ್ತೆ ನಮ್ಮ ಆಫೀಸಲ್ಲಿ ಅದೇ ಫಾರಂ, ಅದೇ ಒಂದು ವರ್ಷದ ರೂಲ್ ಮುಂದೆ ಕೂರ್ಬೇಕಾಗತ್ತೆ.