ತಲೆಯ ಮೇಲಿನ ಟ್ಯಾಂಕು, ಕೈಯಳತೆಯ ತಿರುಪು: ಸಣ್ಣ ವಿಮಾನದ ಇಂಧನ ಮತ್ತು ಫ್ಲಾಪ್‌ಗಳ ಹಿನ್ನೆಲೆ

ಸಕಲೇಶಪುರದ ಕಾಫಿ ತೋಟಗಳಲ್ಲಿ ನೀರಿನ ತೊಟ್ಟಿಯನ್ನು ದಿಬ್ಬದ ಮೇಲೆ ಕಟ್ಟುತ್ತಾರೆ. ಕರೆಂಟು ಹೋದರೂ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗೆ ನೀರು ತಾನಾಗಿ ಇಳಿಯುತ್ತದೆ. ಅರಸೀಕೆರೆಯ ಬಯಲಿನಲ್ಲಿ ಹಾಗಲ್ಲ, ಆಳದಿಂದ ನೀರೆತ್ತಲು ಮೋಟಾರು ಬೇಕೇ ಬೇಕು. ಸಣ್ಣ ವಿಮಾನಗಳಲ್ಲಿಯೂ ಈ ಎರಡು ಪದ್ಧತಿಗಳಿವೆ. ಹಾಸನದ ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ಬಂದಾಗಲೆಲ್ಲ ದೊಡ್ಡ ವಿಮಾನಗಳದ್ದೇ ಚರ್ಚೆ. ಆದರೆ ಹಾರಲು ಕಲಿಯುವವರು ಮೊದಲು ಏರುವುದು ಎರಡು ಅಥವಾ ನಾಲ್ಕು ಸೀಟಿನ ವಿಮಾನವನ್ನು.

1956ರಲ್ಲಿ ಮಾರುಕಟ್ಟೆಗೆ ಬಂದ ಸೆಸ್ನಾ 172ರ ರೆಕ್ಕೆಗಳು ತಲೆಯ ಮೇಲಿವೆ, ಟ್ಯಾಂಕುಗಳು ರೆಕ್ಕೆಗಳೊಳಗಿವೆ. ಕಾರ್ಬ್ಯುರೇಟರ್ ಇದ್ದ ಮಾದರಿಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಎಂಜಿನ್ನಿಗೆ ಇಳಿಯುತ್ತದೆ. ಯಾವ ಟ್ಯಾಂಕಿನಿಂದ ಪೆಟ್ರೋಲ್ ಬರಬೇಕೆಂದು ಆರಿಸುವ ತಿರುಪನ್ನು ಎಡಕ್ಕೆ, ಬಲಕ್ಕೆ ಅಥವಾ ‘ಎರಡೂ’ ಎಂಬಲ್ಲಿಗೆ ಇಡಬಹುದು. 1960ರ ದಶಕದ ಆರಂಭದಲ್ಲಿ ಬಂದ ಪೈಪರ್ ಚೆರೋಕಿಯ ರೆಕ್ಕೆಗಳು ಕೆಳಗಿವೆ. ಪಂಪ್ ಹೀರಿದರೆ ಮಾತ್ರ ಪೆಟ್ರೋಲ್ ಮೇಲೇರುತ್ತದೆ. ಎರಡೂ ಟ್ಯಾಂಕು ತೆರೆದಿದ್ದು ಒಂದು ಬರಿದಾದರೆ ಪಂಪ್ ಅಲ್ಲಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಅದರಲ್ಲಿ ‘ಎರಡೂ’ ಎಂಬ ಸ್ಥಾನವೇ ಇಲ್ಲ. ಪೈಲಟ್ ಗಡಿಯಾರ ನೋಡಿ ಟ್ಯಾಂಕು ಬದಲಿಸಬೇಕು. ಮರೆತರೆ, ಒಂದು ರೆಕ್ಕೆಯಲ್ಲಿ ಪೆಟ್ರೋಲ್ ತುಂಬಿರುವಾಗಲೇ ಎಂಜಿನ್ ನಿಲ್ಲಬಹುದು. ಹಳೆಯ ಬೈಕುಗಳಲ್ಲಿ ‘ರಿಸರ್ವ್’ಗೆ ತಿರುಗಿಸಿದವರಿಗೆ ಆ ಕ್ಷಣದ ಗಾಬರಿ ಗೊತ್ತು. ಅವರು ಬೈಕನ್ನು ರಸ್ತೆ ಬದಿಗೆ ನಿಲ್ಲಿಸಬಹುದಿತ್ತು.

ಆ ತಿರುಪು ಎಲ್ಲಿರಬೇಕು ಎಂಬುದು ನನಗೆ ಬಹಳ ಗಂಭೀರವಾದ ಪ್ರಶ್ನೆ. 1997ರ ಅಕ್ಟೋಬರ್ 12ರಂದು ಅಮೆರಿಕದ ಗಾಯಕ ಜಾನ್ ಡೆನ್ವರ್ ತಾವೇ ಹಾರಿಸುತ್ತಿದ್ದ, ನಕ್ಷೆ ನೋಡಿ ಹವ್ಯಾಸಿಗಳೇ ಕಟ್ಟಿಕೊಳ್ಳುವ ಲಾಂಗ್-ಈಝಿ ವಿಮಾನ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸಮುದ್ರಕ್ಕೆ ಬಿದ್ದು ತೀರಿಕೊಂಡರು. ವಿನ್ಯಾಸದ ಪ್ರಕಾರ ಇಂಧನದ ತಿರುಪು ಪೈಲಟ್‌ನ ಕಾಲುಗಳ ನಡುವೆ ಇರಬೇಕಿತ್ತು. ವಿಮಾನವನ್ನು ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಕೂರಿಸಿದ್ದರು. ಅದನ್ನು ಮುಟ್ಟಬೇಕಾದರೆ ನಿಯಂತ್ರಣ ಕೋಲಿನಿಂದ ಬಲಗೈ ತೆಗೆದು ಹಿಂದಕ್ಕೆ ಹೊರಳಬೇಕು. ಹೊರಳುವಾಗ ಬಲಗಾಲು ತಿಳಿಯದೆಯೇ ವಿಮಾನದ ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ರಡ್ಡರ್ ಪೆಡಲನ್ನು ಒತ್ತಿಬಿಡಬಹುದು. ಹೊರಡುವ ಮುನ್ನ ಇಂಧನವನ್ನು ಸರಿಯಾಗಿ ಲೆಕ್ಕ ಹಾಕದಿದ್ದುದನ್ನೂ ತನಿಖೆ ಎತ್ತಿ ತೋರಿಸಿತು.

ಮಲೆನಾಡಿನವರು ಹೆಚ್ಚು ಹೆದರಬೇಕಾದದ್ದು ನೀರಿಗೆ. ಮುಚ್ಚಳದ ರಬ್ಬರು ಸವೆದರೆ ಮಳೆ ಒಳಗಿಳಿಯುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ತೇವದ ಗಾಳಿ ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳ ಸೇರುತ್ತದೆ. ಅದಕ್ಕಾಗಿಯೇ ಹಾರುವ ಮುನ್ನ ತಳದ ನಲ್ಲಿಗಳಿಂದ ಸ್ವಲ್ಪ ಸ್ವಲ್ಪ ಬಸಿದು ನೋಡುತ್ತಾರೆ. 1996ರಲ್ಲಿ ತಯಾರಿಕೆ ಮತ್ತೆ ಆರಂಭವಾದಾಗ ಬಂದ 172ಆರ್ ಮಾದರಿಯಲ್ಲಿ ಇಂಥ ನಲ್ಲಿಗಳು 13.

ಇನ್ನು ಫ್ಲಾಪ್, ಅಂದರೆ ರೆಕ್ಕೆಯ ಹಿಂಅಂಚಿನ ಬಾಗುವ ಪಟ್ಟಿ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಬೆಳ್ಳಕ್ಕಿ ಇಳಿಯುವಾಗ ರೆಕ್ಕೆಯನ್ನು ಬಾಗಿಸಿ ಬಟ್ಟಲಿನಂತೆ ಮಾಡುತ್ತದೆ. ವಿಮಾನದ ರೆಕ್ಕೆಯ ಹಿಂಭಾಗ ಕೆಳಕ್ಕೆ ಬಾಗುವುದೂ ಅದಕ್ಕಾಗಿಯೇ: ನಿಧಾನವಾಗಿ ಹಾರಿದರೂ ಮೇಲೆ ನಿಲ್ಲಲು, ಕಡಿದಾಗಿ ಇಳಿದರೂ ವೇಗ ಏರದಿರಲು. ಆರ್ವಿಲ್ ರೈಟ್ ಮತ್ತು ಜೇಕಬ್ಸ್ 1920ರಲ್ಲಿ, ರೆಕ್ಕೆಯ ಹಿಂಭಾಗದ ಕೆಳಪದರ ಮಾತ್ರ ಬಾಗುವ ಸೀಳು ಫ್ಲಾಪನ್ನು ರೂಪಿಸಿದರು. ಹಿಂದಕ್ಕೆ ಜಾರಿ ರೆಕ್ಕೆಯನ್ನೇ ಅಗಲಿಸುವ ಫ್ಲಾಪ್ 1924ರಲ್ಲಿ ಹಾರ್ಲನ್ ಫೌಲರ್ ಕಂಡುಕೊಂಡದ್ದು.

ಸೆಸ್ನಾದಲ್ಲಿ ಫ್ಲಾಪ್ ಇಳಿಸಲು ಮೊದಲಿಗೆ ಸೀಟುಗಳ ನಡುವೆ ಉದ್ದನೆಯ ಹಿಡಿಕೆ ಇತ್ತು. 1960ರ ದಶಕದ ನಡುವೆ ವಿದ್ಯುತ್ ಮೋಟಾರು, ಸ್ವಿಚ್ಚು ಬಂದವು. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆಯಾದ ನಮ್ಮ ಎನ್‌ಎಎಲ್ ರೂಪಿಸಿ, 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿ ಹಾರಿದ ತರಬೇತಿ ವಿಮಾನ ಹಂಸ-ಎನ್‌ಜಿಯ ಫ್ಲಾಪ್ ಕೂಡ ವಿದ್ಯುತ್ತಿನದೇ. ಆದರೂ ಕಲಿಯುವವರಿಗೆ ಹಿಡಿಕೆಯೇ ಮೇಲು ಎಂದು ನಾನು ನಂಬುತ್ತೇನೆ. ಗಾಳಿ ಎಷ್ಟು ಬಲವಾಗಿ ಒತ್ತುತ್ತಿದೆ ಎಂಬುದು ಅಂಗೈಗೇ ತಿಳಿಯುತ್ತದೆ.

172ರ ಫ್ಲಾಪ್ ಮೊದಲು 40 ಡಿಗ್ರಿವರೆಗೆ ಬಾಗುತ್ತಿತ್ತು. ಮೊದಲ 10 ಡಿಗ್ರಿ ಹೆಚ್ಚಾಗಿ ಎತ್ತುವ ಬಲ ಕೊಡುತ್ತದೆ, ಕೊನೆಯ 10 ಹೆಚ್ಚಾಗಿ ಹಿಂದಕ್ಕೆಳೆಯುತ್ತದೆ. ಇಳಿಯಲಾಗದೆ ಮತ್ತೆ ಮೇಲೇರಬೇಕಾದಾಗ 40 ಡಿಗ್ರಿಯಲ್ಲಿ ವಿಮಾನ ಏದುಸಿರು ಬಿಡುತ್ತದೆ. 1981ರ 172ಪಿ ಮಾದರಿಯಲ್ಲಿ ಮಿತಿ 30ಕ್ಕೆ ಇಳಿಯಿತು, ಹೊರುವ ತೂಕ ಹೆಚ್ಚಿತು.

ಹಾಸನ ಸಮುದ್ರಮಟ್ಟಕ್ಕಿಂತ ಸುಮಾರು 970 ಮೀಟರ್, ಅಂದರೆ 3,000 ಅಡಿಗಿಂತ ತುಸು ಹೆಚ್ಚು ಎತ್ತರದಲ್ಲಿದೆ. ಎತ್ತರದಲ್ಲಿ ಗಾಳಿ ತೆಳು; ಅದಕ್ಕೇ 3,000 ಅಡಿಗಿಂತ ಮೇಲಿನ ರನ್‌ವೇಯಿಂದ ಹೊರಡುವ ಮುನ್ನ ಪೆಟ್ರೋಲಿನ ಪ್ರಮಾಣವನ್ನು ತಗ್ಗಿಸಿ ಎಂಜಿನ್ ಅತಿ ವೇಗವಾಗಿ ತಿರುಗುವಂತೆ ಹೊಂದಿಸಬೇಕೆಂದು 172ರ ಕೈಪಿಡಿ ಹೇಳುತ್ತದೆ. ಏಪ್ರಿಲ್ ಮಧ್ಯಾಹ್ನದ ಕಾದ ಗಾಳಿ ಇನ್ನೂ ತೆಳು. ಬೂವನಹಳ್ಳಿಯಿಂದ ಮುಂದೊಂದು ದಿನ ಸಣ್ಣ ವಿಮಾನ ಹಾರಿಸುವ ನಮ್ಮ ಹುಡುಗ ಹುಡುಗಿಯರು ಥ್ರಾಟಲ್ ಪೂರ್ತಿ ಒತ್ತಿ, ಪೆಟ್ರೋಲಿನ ಪ್ರಮಾಣ ತಗ್ಗಿಸುವ ಕೆಂಪು ಗುಂಡಿಯನ್ನು ಮೆಲ್ಲಗೆ ಹಿಂದಕ್ಕೆಳೆಯುತ್ತಾ, ಎಂಜಿನ್ನಿನ ಸದ್ದನ್ನು ಕಿವಿಗೊಟ್ಟು ಕೇಳಬೇಕಾಗುತ್ತದೆ.