ನದಿ ದಾಟಿಸುವ ಸರ್ಕಾರಿ ಲಾಂಚ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬಲ್ಲದೇ?

ಪ್ರಶ್ನೆ: ನಾವು ತಿಪಟೂರಿನಿಂದ ಪ್ರತಿವರ್ಷ ಸಿಗಂದೂರಿಗೆ ಹೋಗಿಬರುವವರು. ಈಗ ಸೇತುವೆಯಾಗಿದೆ. ಹಿಂದೆ ಲಾಂಚ್ ಹತ್ತಲು ಸಾಲುಗಟ್ಟಿ ಕಾಯಬೇಕಿತ್ತು. ಅಷ್ಟು ಜನ, ಅಷ್ಟು ವಾಹನ ಇರುವಾಗ ಅಂಥ ಸೇವೆ ಟಿಕೆಟ್ ಹಣದಲ್ಲೇ ನಡೆಯಬೇಕಲ್ಲವೇ? ಸರ್ಕಾರ ಕೈಯಿಂದ ಹಾಕಬೇಕೇಕೆ?

ಉತ್ತರ: ಟಿಕೆಟ್ ಹಣದಲ್ಲಿ ಡೀಸೆಲ್ಲಿನ ಖರ್ಚು ಹುಟ್ಟಬಹುದು. ಆದರೆ ಸಿಬ್ಬಂದಿಯ ಸಂಬಳ, ದುರಸ್ತಿ, ಮುಂದೊಂದು ದಿನ ಕೊಳ್ಳಬೇಕಾದ ಹೊಸ ಲಾಂಚಿನ ಬೆಲೆ ಇವೆಲ್ಲವೂ ಹುಟ್ಟುವ ಕಡವುಗಳು, ಅಂದರೆ ದೋಣಿಯಲ್ಲಿ ನದಿ ದಾಟುವ ಜಾಗಗಳು, ತೀರಾ ವಿರಳ.

ಶಿಂಷಾ, ಜಯಮಂಗಲಿ ಎರಡೂ ದೇವರಾಯನದುರ್ಗದ ಆಸುಪಾಸಿನಲ್ಲೇ ಹುಟ್ಟಿದರೂ ತುಮಕೂರು ಜಿಲ್ಲೆಯವರಾದ ನಮಗೆ ಕಡವಿನ ಬದುಕು ಪರಿಚಯವಿಲ್ಲ. ವರ್ಷದ ಬಹುಪಾಲು ಅವು ಕಾಲಲ್ಲೇ ದಾಟುವ ಹೊಳೆಗಳು. ಹೀಗಾಗಿ ಲಾಂಚನ್ನೂ ನಾವು ಬಸ್ಸಿನ ಅಳತೆಯಲ್ಲೇ ಅಳೆಯುತ್ತೇವೆ. ಐವತ್ತು ಜನರನ್ನು ಒಯ್ಯುವ ಬಸ್ಸಿಗೆ ಒಬ್ಬ ಚಾಲಕ, ಒಬ್ಬ ನಿರ್ವಾಹಕ ಸಾಕು. ಲಾಂಚಿಗೆ ಚುಕ್ಕಾಣಿ ಹಿಡಿಯುವವರೊಬ್ಬರು, ಎಂಜಿನ್ ನೋಡಿಕೊಳ್ಳುವವರೊಬ್ಬರು, ಹಗ್ಗ ಕಟ್ಟಿ ಬಿಚ್ಚಲು ಇಬ್ಬರಾದರೂ ಬೇಕು. ಜನ ಹತ್ತಿದರೂ ಹತ್ತದಿದ್ದರೂ ಅವರ ಸಂಬಳ ಅಷ್ಟೇ.

ಲೆಕ್ಕಕ್ಕೆಂದು ಒಂದು ಕಡವನ್ನು ಊಹಿಸಿಕೊಳ್ಳೋಣ. ಅರವತ್ತು ಜನ ಹಿಡಿಯುವ ದೋಣಿ, ದಿನಕ್ಕೆ ಹೋಗುವ 20, ಬರುವ 20 ಸೇರಿ 40 ಸುತ್ತು, ತಲೆಗೆ 10 ರೂಪಾಯಿ. ಪ್ರತಿ ಸುತ್ತೂ ತುಂಬಿದರೆ ದಿನಕ್ಕೆ 24,000 ರೂಪಾಯಿ ಬರುತ್ತದೆ. ಹಾಗೆ ತುಂಬುವುದೇ ಇಲ್ಲ. ಬೆಳಿಗ್ಗೆ ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ಹೋಗುವವರೆಲ್ಲ ಒಂದೇ ದಿಕ್ಕಿಗೆ ಹೋಗುತ್ತಾರೆ. ಅವರನ್ನು ಇಳಿಸಿದ ದೋಣಿ ಖಾಲಿಯಾಗಿ ಮರಳುತ್ತದೆ. ಸರಾಸರಿ 25 ಜನ ಎಂದಿಟ್ಟುಕೊಂಡರೆ ದಿನದ ವಸೂಲಿ 10,000 ರೂಪಾಯಿ. ಇನ್ನು ಎರಡು ಪಾಳಿಗೆ ನಾಲ್ಕು ನಾಲ್ಕು ಜನ, ವಾರದ ರಜೆಗೆ ಬದಲಿ ಇಬ್ಬರು, ಒಟ್ಟು ಹತ್ತು ಜನರಿಗೆ ತಿಂಗಳಿಗೆ ತಲಾ 30,000 ಎಂದರೂ ಸಂಬಳವೇ ಮೂರು ಲಕ್ಷ, ಅಂದರೆ ದಿನಕ್ಕೆ 10,000 ರೂಪಾಯಿ. ಬಂದದ್ದೆಲ್ಲ ಅಲ್ಲಿಗೇ ಮುಗಿಯಿತು. ಡೀಸೆಲ್ಲಿಗೆ, ವಿಮೆಗೆ, ದೋಣಿಯನ್ನು ದಡಕ್ಕೆಳೆದು ತಳದ ತುಕ್ಕು ಕೆರೆದು ಬಣ್ಣ ಹೊಡೆಯುವ ಕೆಲಸಕ್ಕೆ, ಆ ದಿನಗಳಲ್ಲಿ ಓಡಬೇಕಾದ ಇನ್ನೊಂದು ದೋಣಿಗೆ ಕಾಸಿಲ್ಲ.

ಲೆಕ್ಕವನ್ನು ಮೇಲೆತ್ತುವುದು ವಾಹನಗಳು, ಏಕೆಂದರೆ ಒಂದು ಕಾರಿಗೆ ಹತ್ತಾರು ಜನರಷ್ಟು ದರ ಹಾಕಬಹುದು. ಸಿಗಂದೂರಿನ ಲಾಂಚ್ ಹತ್ತುತ್ತಿದ್ದ ಅಂಬಾರಗೋಡ್ಲುವಿನ ದಡದಲ್ಲಿ ನಿಂತು ನೋಡಿದವರಿಗೆ ಅದರ ಮಿತಿಯೂ ಗೊತ್ತು. ಕಬ್ಬಿಣದ ಹಲಗೆ ಇಳಿಜಾರಿಗೆ ತಾಗಿದೊಡನೆ ಸಿಬ್ಬಂದಿ ಅಂಗೈ ಬೀಸಿ ಬೀಸಿ ಒಂದೊಂದೇ ವಾಹನವನ್ನು ಒಳಗೆ ಕರೆಯುತ್ತಿದ್ದರು. ಪಕ್ಕದ ಕಾರಿನ ಬಾಗಿಲು ತೆರೆಯಲಾಗದಷ್ಟು ಒತ್ತಾಗಿ ನಿಲ್ಲಿಸಿದರೂ ದಡದಲ್ಲಿ ಇನ್ನಷ್ಟು ಉಳಿಯುತ್ತಿದ್ದವು. ಬೇಸಿಗೆಯ ಕೊನೆಗೆ ಶರಾವತಿಯ ಹಿನ್ನೀರು ಕೆಳಗಿಳಿದರೆ ವಾಹನ ಹತ್ತಿಸುವುದೇ ನಿಂತುಹೋಗುತ್ತಿತ್ತು. 2023ರ ಜೂನ್‌ನಲ್ಲಿ ಹಾಗೆಯೇ ಆಯಿತು. ಆದಾಯ ತರುವ ಭಾಗವೇ ನಿಂತಾಗಲೂ ಲಾಂಚ್ ನಡೆಸುವ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಸಂಬಳದ ಹೊರೆ ನಿಲ್ಲುತ್ತಿರಲಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ, ನನಗೆ ಮುಖ್ಯವೆನಿಸುವುದು ಅದೇ. ಯಾವ ಕಡವಿನಲ್ಲಿ ಖರ್ಚು ಹುಟ್ಟುವಷ್ಟು ವಾಹನಗಳು ಸೇರುತ್ತವೆಯೋ ಅಲ್ಲಿ ಸೇತುವೆಯ ಬೇಡಿಕೆಯೂ ಏಳುತ್ತದೆ, ಕೊನೆಗೆ ಸೇತುವೆಯೂ ಬರುತ್ತದೆ. ಸಿಗಂದೂರಿನಲ್ಲಿ ಸುಮಾರು 470 ಕೋಟಿ ರೂಪಾಯಿಯ, ಎರಡು ಕಿಲೋಮೀಟರಿಗೂ ಉದ್ದದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಗಳಿಸುವ ಕಡವನ್ನು ಸೇತುವೆ ತೆಗೆದುಕೊಂಡ ಮೇಲೆ ಲಾಂಚಿಗೆ ಉಳಿಯುವುದು ಗಳಿಸಲಾಗದ ಕಡವುಗಳೇ.

ಬೇರೆ ಕಡೆಯ ಅನುಭವವೂ ಹೆಚ್ಚು ಭಿನ್ನವಲ್ಲ. ನೆರೆಯ ಗೋವಾದ ಬಹುತೇಕ ಸರ್ಕಾರಿ ದೋಣಿಗಳಲ್ಲಿ ಕಾಲ್ನಡಿಗೆಯವರಿಗೆ ಟಿಕೆಟ್ಟೇ ಇಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಫೆರಿ 1997ರಿಂದ ಉಚಿತ. ಕೇರಳದ ವೈಕಂನಲ್ಲಿ 2017ರಲ್ಲಿ ನೀರಿಗಿಳಿದ ಸೌರ ದೋಣಿ ‘ಆದಿತ್ಯ’ ಡೀಸೆಲ್ಲಿನ ಖರ್ಚನ್ನು ಬಹುಮಟ್ಟಿಗೆ ಇಳಿಸಿತು. ಸಿಬ್ಬಂದಿಯ ಖರ್ಚನ್ನು ಇಳಿಸಲು ಬಿಸಿಲಿನಿಂದ ಸಾಧ್ಯವಿಲ್ಲ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ವಾಟರ್ ಮೆಟ್ರೊ ಸುಮಾರು 1,137 ಕೋಟಿ ರೂಪಾಯಿಯ ಯೋಜನೆ, ಅದಕ್ಕೆ ಜರ್ಮನಿಯ ಬ್ಯಾಂಕಿನ ಸಾಲವೂ ಇದೆ. ಆರಂಭದ ಕನಿಷ್ಠ ದರ 20 ರೂಪಾಯಿ. ಅಂಥ ದರದಲ್ಲಿ ದಿನನಿತ್ಯದ ಖರ್ಚು ಸರಿದೂಗಿದರೂ ಅದು ದೊಡ್ಡ ಗೆಲುವು. ಹೂಡಿದ ಬಂಡವಾಳವೂ ಟಿಕೆಟ್ಟಿನಿಂದಲೇ ಮರಳಬೇಕೆಂದರೆ ಕೊಚ್ಚಿಯ ದ್ವೀಪಗಳ ಕೂಲಿಯವರು ಹತ್ತಲಾಗದಷ್ಟು ದರ ಏರಿಸಬೇಕಾಗುತ್ತದೆ.

ಹಾಗಾದರೆ ಖಾಸಗಿ ದೋಣಿಗಳು ಲಾಭದಲ್ಲಿ ನಡೆಯುತ್ತವಲ್ಲ ಎಂದು ಕೇಳಬಹುದು. ಕೆಲವು ನಡೆಯುತ್ತವೆ, ಆದರೆ ತುಂಬುವವರೆಗೆ ಕಾದು, ಕೆಲವೊಮ್ಮೆ ಮಿತಿ ಮೀರಿ ತುಂಬಿ, ಹಳೆಯ ಎಂಜಿನ್ನಿನಲ್ಲೇ ದಿನ ದೂಡಿ. 2021ರ ಸೆಪ್ಟೆಂಬರ್ 8ರಂದು ಅಸ್ಸಾಮಿನ ನಿಮಾತಿ ಘಾಟ್ ಬಳಿ ಬ್ರಹ್ಮಪುತ್ರದಲ್ಲಿ ಎರಡು ದೋಣಿಗಳು ಡಿಕ್ಕಿ ಹೊಡೆದು ಜೀವಹಾನಿಯಾದ ಮೇಲೆ ಅಲ್ಲಿಯ ಸರ್ಕಾರ ಒಂದೇ ಎಂಜಿನ್ನಿನ ಖಾಸಗಿ ದೋಣಿಗಳನ್ನು ನಿಷೇಧಿಸಬೇಕಾಯಿತು. ಜೀವರಕ್ಷಕ ಜಾಕೆಟ್ಟಿಗೆ, ಒಳ್ಳೆಯ ಎಂಜಿನ್ನಿಗೆ, ಮಿತಿ ಮೀರಿದಾಗ ‘ಇನ್ನು ಹತ್ತಬೇಡಿ’ ಎನ್ನುವ ಧೈರ್ಯಕ್ಕೆ ಹಣ ಬೇಕು. ಆ ಹಣವನ್ನು ಉಳಿಸಿ ತೋರಿಸುವ ಲಾಭವನ್ನು ನಾನು ಲಾಭವೆಂದು ಒಪ್ಪಲಾರೆ.

ಸರ್ಕಾರ ಕೈಯಿಂದ ಹಾಕಬೇಕೇಕೆ ಎಂದು ಕೇಳಿದ್ದೀರಿ. ತಿಪಟೂರಿನಿಂದ ಹಳ್ಳಿಗೆ ಹೋಗುವ ರಸ್ತೆ ತನ್ನ ಡಾಂಬರಿನ ಹಣವನ್ನು ದುಡಿಯುತ್ತಿದೆಯೇ ಎಂದು ನಾವು ಯಾರೂ ಕೇಳುವುದಿಲ್ಲ. ನದಿಯಾಚೆಯವರಿಗೆ ಲಾಂಚೇ ಆ ರಸ್ತೆ. ಶರಾವತಿಯ ವಿಷಯದಲ್ಲಂತೂ ನಾಡಿನ ಋಣವೊಂದಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ನೀರನ್ನು ಬಯಸಿ ತಂದುಕೊಂಡವರು ಆಚೆ ದಡದ ರೈತರಲ್ಲ. ಅವರ ಗದ್ದೆ, ತೋಟ, ದಾರಿ ಮುಳುಗಿ ಹುಟ್ಟಿದ ವಿದ್ಯುತ್ತು ನಾಡಿನ ಉದ್ದಗಲಕ್ಕೂ ಹರಿಯಿತು, ನಮ್ಮ ಮನೆಗಳ ದೀಪವನ್ನೂ ತೋಟದ ಪಂಪನ್ನೂ ನಡೆಸಿತು. ಕತ್ತಲಾದ ಮೇಲೆ ಲಾಂಚಿಲ್ಲದೆ ಬಾಣಂತಿಯನ್ನೋ ರೋಗಿಯನ್ನೋ ಸುತ್ತುಬಳಸಿ ಸಾಗಿಸಿದವರು ಅವರು.

ಹಾಗೆಂದು ಲೆಕ್ಕವೇ ಬೇಡವೆಂದಲ್ಲ. ಪ್ರವಾಸಿಯ ಕಾರಿಗೆ ಹೆಚ್ಚು ದರ, ದಿನವೂ ದಾಟುವ ಊರಿನವರಿಗೆ ಪಾಸು, ದಡದ ಮಳಿಗೆಗಳ ಬಾಡಿಗೆ ಸೇವೆಯ ಖಾತೆಗೇ ಜಮಾ, ಇಷ್ಟನ್ನು ಯಾವ ಕಡವಿನಲ್ಲಾದರೂ ಮಾಡಬಹುದು. ಒಬ್ಬ ಪ್ರಯಾಣಿಕನಿಗೆ ಸರ್ಕಾರ ಎಷ್ಟು ರೂಪಾಯಿ ಸೇರಿಸುತ್ತಿದೆ ಎಂಬುದನ್ನು ಕಡವುವಾರು ಪ್ರಕಟಿಸಿದರೆ ಸೋರಿಕೆ ಎಲ್ಲಿ, ನಿಜವಾದ ಅಗತ್ಯ ಎಲ್ಲಿ ಎಂಬುದು ಬೇರೆಯಾಗಿ ಕಾಣುತ್ತದೆ. ಸಿಗಂದೂರಿಗೆ ಸೇತುವೆ ಬಂದಿತು. ಅದೇ ಹಿನ್ನೀರಿನ ಮುಪ್ಪಾನೆಯಂಥ ಸಣ್ಣ ಕಡವಿಗೆ ನೂರಾರು ಕೋಟಿಯ ಸೇತುವೆ ಕಟ್ಟುವವರಿಲ್ಲ, ಟಿಕೆಟ್ಟಿನಿಂದ ಲಾಂಚಿನ ಖರ್ಚು ಹುಟ್ಟುವಷ್ಟು ಜನರೂ ಅಲ್ಲಿಲ್ಲ.