ಹಳೇ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಯಾಕೆ ಬೂಟ್ ಆಗುವುದಿಲ್ಲ?

ವಿಂಡೋಸ್ ಅಥವಾ ಲಿನಕ್ಸ್ ಹಾಕಲೆಂದು ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಹಳೇ ಕಂಪ್ಯೂಟರಿಗೆ ಚುಚ್ಚಿದರೆ ಏನೂ ಆಗುವುದಿಲ್ಲ. ಕಂಪ್ಯೂಟರ್ ಅದರಿಂದ ಶುರುವಾಗುವುದೇ, ಅಂದರೆ ಬೂಟ್ ಆಗುವುದೇ ಇಲ್ಲ. ಇಷ್ಟಕ್ಕೇ ಕೈಚೆಲ್ಲಿ, ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕುವವರಿದ್ದಾರೆ. ಹಾಗೆ ಮಾಡಬೇಕಿಲ್ಲ. ತೊಡಕು ಎಲ್ಲಿದೆ ಅಂತ ಗೊತ್ತಾಗಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1981ರ ಐಬಿಎಂ ಪಿಸಿಯಲ್ಲಿದ್ದ ಬಯೋಸ್ (ಕಂಪ್ಯೂಟರ್ ಆನ್ ಮಾಡಿದೊಡನೆ ಓಡುವ, ಯಂತ್ರದೊಳಗೇ ಇರುವ ಪ್ರೋಗ್ರಾಮ್), ಡಿಸ್ಕಿನ ಮೊದಲ 512 ಬೈಟ್ ಓದಿ, ಅಲ್ಲಿರುವ ಪುಟ್ಟ ಪ್ರೋಗ್ರಾಮನ್ನು ಓಡಿಸುತ್ತಿತ್ತು. ಮುಂದೆ ದಶಕಗಳ ಕಾಲ ಇದೇ ಕ್ರಮ ನಡೆಯಿತು. ಫೈಲ್, ಫೋಲ್ಡರ್ ಯಾವುದೂ ಬಯೋಸ್‌ಗೆ ಗೊತ್ತಿಲ್ಲ. ಸುಮ್ನೆ ಕಾಪಿ ಮಾಡಿದ ಫೈಲು ಅದರ ಕಣ್ಣಿಗೇ ಬೀಳುವುದಿಲ್ಲ.

1995ರಲ್ಲಿ ಬಯೋಸ್ ತಯಾರಿಸುವ ಫೀನಿಕ್ಸ್ ಕಂಪನಿ ಮತ್ತು ಐಬಿಎಂ ಸೇರಿ 'ಎಲ್ ಟೊರಿಟೊ' ಎಂಬ ನಿಯಮ ತಂದವು. ಸಿಡಿಯಿಂದ ಬೂಟ್ ಮಾಡುವ ದಾರಿ ತೆರೆಯಿತು. ಐಎಸ್‌ಒ ಫೈಲು ಅಂದರೆ ಅಂಥ ಸಿಡಿಯ ಯಥಾಪ್ರತಿ. ಆದರೆ ಪೆನ್‌ಡ್ರೈವ್ ಬಯೋಸ್‌ಗೆ ಕಾಣುವುದು ಹಾರ್ಡ್‌ಡಿಸ್ಕಿನಂತೆ. ಅದು ಮೊದಲ 512 ಬೈಟ್‌ನಲ್ಲಿ ಹುಡುಕುತ್ತದೆ. ಸಿಡಿಯ ಬೂಟ್ ಮಾಹಿತಿ ಇರುವ ಜಾಗವೇ ಬೇರೆ.

ಇದಕ್ಕೆ ಸಿಕ್ಕ ಪರಿಹಾರ ನಿಜಕ್ಕೂ ಸೊಗಸಾದದ್ದು. ಐಎಸ್‌ಒ ಮಾದರಿಯಲ್ಲಿ ಮೊದಲ 32 ಕೆಬಿ ಖಾಲಿ ಬಿಟ್ಟಿರುತ್ತಾರೆ. 2008ರಲ್ಲಿ, ಲಿನಕ್ಸ್ ಬೂಟ್ ಮಾಡಿಸುವ ಸಿಸ್‌ಲಿನಕ್ಸ್ ತಂತ್ರಾಂಶದ ತಂಡ ತಂದ 'ಐಸೋಹೈಬ್ರಿಡ್' ಟೂಲ್, ಆ ಖಾಲಿ ಜಾಗದಲ್ಲೇ ಹಾರ್ಡ್‌ಡಿಸ್ಕಿನ ಬೂಟ್ ಕೋಡ್ ಕೂರಿಸಿತು. ಅದೇ ಫೈಲು ಸಿಡಿಯಲ್ಲೂ ಓಡಿತು, ಪೆನ್‌ಡ್ರೈವ್‌ನಲ್ಲೂ ಓಡಿತು. ಇವತ್ತು ಹೆಚ್ಚಿನ ಲಿನಕ್ಸ್ ಐಎಸ್‌ಒಗಳನ್ನು ಪೆನ್‌ಡ್ರೈವ್‌ಗೆ ಬೈಟ್ ಬೈಟಾಗಿ ಇದ್ದಂತೆಯೇ ಬರೆಯಬಹುದು (ಫೈಲಾಗಿ ಕಾಪಿ ಮಾಡುವುದಲ್ಲ). ವಿಂಡೋಸ್ ಐಎಸ್‌ಒ ಹಾಗಲ್ಲ. ಅದಕ್ಕೇ 2011ರಲ್ಲಿ ಬಂದ ರೂಫಸ್‌ನಂಥ, ಬೂಟ್ ಆಗುವ ಪೆನ್‌ಡ್ರೈವ್ ತಯಾರಿಸುವ ಟೂಲ್ ಬೇಕಾಗುತ್ತದೆ.

ಅಷ್ಟರಲ್ಲಿ ಬಯೋಸ್‌ನ ಜಾಗಕ್ಕೆ ಯುಇಎಫ್‌ಐ ಬಂದಿತ್ತು. ಇದು ಫೈಲ್ ಓದಬಲ್ಲದು, ಆದರೆ ಸಾಮಾನ್ಯವಾಗಿ ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಪಾರ್ಟಿಷನ್ (ಡಿಸ್ಕಿನ ಭಾಗ) ಕೇಳುತ್ತದೆ. ಫ್ಯಾಟ್32ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ವಿಂಡೋಸ್‌ನ ಇನ್‌ಸ್ಟಾಲ್ ಫೈಲು ಎಷ್ಟೋ ಸಲ ಅದಕ್ಕಿಂತ ಜಾಸ್ತಿ ಇರುತ್ತದೆ. ಹೊಸ ತಲೆನೋವು, ಅಲ್ವಾ?

ಹಳೇ ಯಂತ್ರಕ್ಕೆ ಪೆನ್‌ಡ್ರೈವ್ ಮಾಡುವಾಗ ಜನ ಹೆಚ್ಚಾಗಿ ಎಡವುವುದು ರೂಫಸ್‌ನ ಒಂದು ಆಯ್ಕೆಯಲ್ಲಿ. ಡಿಸ್ಕನ್ನು ಭಾಗ ಮಾಡುವ ಎರಡು ಕ್ರಮಗಳು ಅಲ್ಲಿರುತ್ತವೆ: ಹೊಸ ಜಿಪಿಟಿ, ಹಳೇ ಎಂಬಿಆರ್. ಜಿಪಿಟಿ ಇದ್ದರೆ ಬದಲಿಸಿ, ಎಂಬಿಆರ್ ಮತ್ತು ಬಯೋಸ್ ಆರಿಸಿಕೊಳ್ಳಿ. ಪ್ರೊಸೆಸರ್ 32 ಬಿಟ್‌ನದಾದರೆ ಇನ್ನೊಂದು ಮಾತು: ಲಿನಕ್ಸ್ ಬಗೆಗಳಲ್ಲಿ ಒಂದಾದ ಉಬುಂಟು 2017ರ 17.10 ಆವೃತ್ತಿಯಿಂದಲೇ 32 ಬಿಟ್ ಡೆಸ್ಕ್‌ಟಾಪ್ ಐಎಸ್‌ಒ ನಿಲ್ಲಿಸಿದೆ. ಇನ್ನೊಂದು ಬಗೆಯಾದ ಡೆಬಿಯನ್‌ನ 12ನೇ ಆವೃತ್ತಿ ಇನ್ನೂ ಇನ್‌ಸ್ಟಾಲ್ ಆಗುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಈ ತಿಳಿವಳಿಕೆ ಜಾಸ್ತಿ ಜನರಿಗೆ ಬೇಕಾಗಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 (ಭದ್ರತೆಯ ಚಿಪ್) ಇಲ್ಲದ ಗಟ್ಟಿಮುಟ್ಟಾದ ಲ್ಯಾಪ್‌ಟಾಪ್‌ಗಳು ಎಷ್ಟೋ ಇವೆ. ಅವುಗಳಲ್ಲಿ ಲಿನಕ್ಸ್ ಆರಾಮಾಗಿ ಓಡುತ್ತದೆ. ಯುಎಸ್‌ಬಿ ಬೂಟ್ ಆಯ್ಕೆಯೇ ಇಲ್ಲದ ತೀರಾ ಹಳೇ ಯಂತ್ರವಾದರೆ, ಪ್ಲಾಪ್ ಬೂಟ್ ಮ್ಯಾನೇಜರನ್ನು ಒಂದು ಸಿಡಿಗೆ ಬರೆದು ಅದರಿಂದ ಶುರು ಮಾಡಿ. ಅದರ ಮೆನುವಿನಲ್ಲಿ ಯುಎಸ್‌ಬಿ ಆರಿಸಿದರೆ ಅಲ್ಲಿಂದ ಪೆನ್‌ಡ್ರೈವ್‌ಗೆ ದಾಟಬಹುದು.